ಅಂಬಾದಾಸನ ಹೆಸರಿನಲ್ಲಿ ಆಡಿದ ಮಲ್ಲೇಶಿಗೆ

ಗೆಳೆಯಾ ಮಲ್ಲೇಶಿ,

ನೀನು ಹೋದ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ಬದುಕಿದ್ದಾಗ ಬರೆದವೆಲ್ಲ ನಿನ್ನ ಕೈಗೆ ಬಂದವೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ನೀನು ಯಾವ ಊರಿನಲ್ಲಿ ಯಾರಾಗಿ ಇರುತ್ತಿದ್ದೆಯೋ, ಅಂಚೆಯವನು ತಾನೇ ಯಾರನ್ನೆಂದು ಹುಡುಕಬೇಕು?

ಗೋಳಗುಮ್ಮಟದ ಮುಂದಿನ ಬಯಲು ಕಣ್ಣ ಮುಂದೆ ಬರುತ್ತದೆ. ಬಿಜ್ಜರಗಿಯಿಂದ ಕಡಿದು ತಂದ ಜಾಲಿ ಕೊಂಬೆಯೇ ನಿನ್ನ ಹಾಕಿ ಕೋಲು. ನಾವೆಲ್ಲ ಗೋಲು ಹೊಡೆಯಲು ಮುಂದೆ ಓಡಿದರೆ ನೀನೊಬ್ಬ ಹಿಂದೆ ನಿಂತಿರುತ್ತಿದ್ದೆ. ಯಾಕೆಂದು ಕೇಳಿದ್ದಕ್ಕೆ, ಆಡು ಕಾಯುವವನು ಮುಂದೆ ನಡೆದರೆ ಹಿಂದಿನ ಮರಿ ತೋಳದ ಪಾಲಾಗುತ್ತದೆ ಎಂದಿದ್ದೆ. ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು ನೀನು. ಬ್ಯಾಕ್ ಆಟಗಾರನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಊರಿಗೆ ಬಂದಾಗಲೆಲ್ಲ ಟಿಕೋಟಾದ ಚಹಾದಂಗಡಿಯಲ್ಲಿ ಕೂತು ನೀನು ಹೇಳುತ್ತಿದ್ದ ಕಥೆಗಳಿಗೆ ನಾನು ಎಷ್ಟು ನಕ್ಕಿದ್ದೇನೆ! ಈಗ ಆ ನಗು ನೆನೆದರೆ ನಾಚಿಕೆಯಾಗುತ್ತದೆ. ಹುಬ್ಬಳ್ಳಿಯ ತಂಡ ಎರಡು ವರ್ಷ, ಯಾವುದೋ ಸಣ್ಣ ಸಂಸ್ಥಾನದ ತಂಡ ಒಂದು ವರ್ಷ, ಆಮೇಲೆ ಮಿರಜ, ಕೊನೆಗೆ ಸೊಲ್ಲಾಪುರದ ಬಟ್ಟೆ ಗಿರಣಿ. ಗಿರಣಿಯ ತಂಡದಲ್ಲಿ ಹಾಜರಿ ಪುಸ್ತಕದಲ್ಲಿರುವ ಕೆಲಸಗಾರನೇ ಆಡಬೇಕೆಂಬುದು ಕಾಯಿದೆ. ಆದರೆ ಸಾಹೇಬರಿಗೆ ಬೇಕಿದ್ದುದು ಪಂದ್ಯ ಗೆದ್ದು ತರುವ ಕಪ್ಪು. ಅದಕ್ಕೆ ನಿನ್ನಂಥವನನ್ನು ಕರೆತಂದು ಯಾರೋ ಕೆಲಸಗಾರನ ಹೆಸರು ಹಚ್ಚಿ ಆಡಿಸುವುದು, ಆ ಹೆಸರಿನವನನ್ನು ಅವತ್ತು ಮನೆಯಲ್ಲಿ ಕೂರಿಸುವುದು. ಎಲ್ಲ ಊರಿನಲ್ಲೂ ಇದೇ ರೂಢಿ, ಎಲ್ಲರಿಗೂ ಗೊತ್ತಿದ್ದದ್ದೇ.

“ಹುಬ್ಬಳ್ಳ್ಯಾಗ ನಾ ಫ್ರಾನ್ಸಿಸ್ ಇದ್ದೆ, ಮಾಸ್ತರ. ಗೆದ್ದ ಮ್ಯಾಲ ಪಾದ್ರಿ ಬಂದು, ರವಿವಾರ ಚರ್ಚಿಗೆ ಯಾಕ ಬರೂದಿಲ್ಲಲೇ ಅಂತ ಬೈದು ಹೋದ್ರು” ಎಂದು ಒಮ್ಮೆ ಹೇಳಿದ್ದೆ.

ಸೊಲ್ಲಾಪುರದಲ್ಲಿ ನೀನು ಅಂಬಾದಾಸ, ಮಗ್ಗದ ಕೆಲಸಗಾರ. ಆ ಹೆಸರನ್ನು ಮರಾಠಿಯಲ್ಲಿ ಸಹಿ ಮಾಡುವುದನ್ನು ನಿನಗೆ ಕಲಿಸಿದವನು ಯಾರು? ನಾನೇ. ಸಾಲಿ ಮಾಸ್ತರನಾದ ನಾನು, ದಿನವೂ ವಾಚನಾಲಯಕ್ಕೆ ಹೋಗಿ ನಾಲ್ಕು ಪತ್ರಿಕೆ ಓದುವ ನಾನು, ನಿನ್ನ ಕೈ ಹಿಡಿದು ಇನ್ನೊಬ್ಬನ ಹೆಸರು ತಿದ್ದಿಸಿದೆ.

ವಿಜಾಪುರ ಸ್ಟೇಶನ್ನಿನ ಬೆಂಚಿನ ಮೇಲೆ ನೀನು ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಆ ಶನಿವಾರ... ಹಿಂದಿನ ದಿನದ ಆಟದಲ್ಲಿ ಚೆಂಡು ಕಪಾಲಕ್ಕೆ ಬಡಿದಿತ್ತು. ಗಿರಣಿಯವರು ಪಟ್ಟಿ ಸುತ್ತಿ ರೈಲಿಗೆ ಹತ್ತಿಸಿದ್ದರು, ಜೊತೆಗೆ ಒಬ್ಬರೂ ಇರಲಿಲ್ಲ. ದವಾಖಾನೆಗೆ ಹೋಗುವಾಗ ಟಾಂಗಾದಲ್ಲಿ ನೀನು ಕೇಳಿದ್ದು ಒಂದೇ ಮಾತು.

“ಯವ್ವಗ ಹೇಳಬ್ಯಾಡೋ. ಚೆಂಡು ಬಡದದ್ದು ಗೊತ್ತಾದ್ರ ಆಟಾ ಬಿಡಸ್ತಾಳ.”

ಹೇಳಲಿಲ್ಲ. ನಾಲ್ಕು ದಿನದಲ್ಲಿ ಎದ್ದು ಕೂರುತ್ತೀ ಅಂದುಕೊಂಡಿದ್ದೆ. ಮಂಗಳವಾರ ಬೆಳಿಗ್ಗೆ ನೀನಿರಲಿಲ್ಲ.

ಅವತ್ತೇ ಬಿಜ್ಜರಗಿಯಲ್ಲಿ ಗಾಡಿಯಿಂದ ನಿನ್ನನ್ನು ಇಳಿಸಿದಾಗ ನಿನ್ನವ್ವ ನಿಂಗವ್ವ ತಲೆಯ ಪಟ್ಟಿ ಮುಟ್ಟಿ ಏನಾಯಿತೆಂದು ಕೇಳಿದಳು. ನೀನು ಹೇಳಬೇಡ ಅಂದಿದ್ದೆಯಲ್ಲ, ಅದೇ ಬಾಯಿಗೆ ಬಂತು. ಸೊಲ್ಲಾಪುರದಲ್ಲಿ ಬಿದ್ದ ಎಂದೆ. ಬರೀ ಬಿದ್ದ! ಊರಿಗೆ ಅಷ್ಟು ಸಾಕಾಯಿತು. ಕುಡಿದು ಬಿದ್ದು ಸತ್ತ ಅಂದರು. ತಿಂಗಳೊಳಗೆ ನಿನ್ನವ್ವ ಬಾವಿಗೆ ಹೋಗುವ ಹೊತ್ತನ್ನೇ ಬದಲಿಸಿದಳು, ಯಾರ ಬಾಯಿಗೂ ಬೀಳಬಾರದೆಂದು. ನಾನು ಓಡಿಹೋಗಿ ಚೆಂಡು ಬಡಿದ ನಿಜ ಹೇಳಿದರೆ ಕಟ್ಟೆಯ ಮೇಲಿದ್ದವರು ನಕ್ಕರು. ಅವತ್ತು ಒಂದು, ಇವತ್ತು ಇನ್ನೊಂದು, ಇಂಥ ಮಾಸ್ತರನ ಮಾತು ಯಾರು ನಂಬುತ್ತಾರೆ? ನಿಂಗವ್ವ ನಗಲಿಲ್ಲ. ಆಟದಲ್ಲಿ ಸತ್ತನೆಂದು ಬರೆದ ಒಂದು ಕಾಗದ ತಂದುಕೊಡು, ಕಟ್ಟೆಯ ಮೇಲೆ ಓದಿಸುತ್ತೇನೆ ಎಂದಳು.

ಆ ಕಾಗದಕ್ಕಾಗಿ ಸೊಲ್ಲಾಪುರಕ್ಕೆ ಮೂರು ಸಲ ಹೋದೆ. ಕಚೇರಿಯ ಗೋಡೆಯ ಮೇಲೆ ಕಪ್ಪು ಗೆದ್ದ ತಂಡದ ಫೋಟೋ ಇದೆ. ಎಡಗಡೆಯ ತುದಿಯಲ್ಲಿ ನೀನು, ಕೆಳಗೆ ಅಂಬಾದಾಸನ ಹೆಸರು. ಕಾರಕೂನ ಪುಸ್ತಕ ತೆರೆದು ತೋರಿಸಿದ. ಶುಕ್ರವಾರ ಅಂಬಾದಾಸನಿಗೆ ಆಟದಲ್ಲಿ ತಲೆಗೆ ಪೆಟ್ಟು, ಸೋಮವಾರ ಅಂಬಾದಾಸ ಕೆಲಸಕ್ಕೆ ಹಾಜರು.

“ನಮ್ಮ ಕಡೆ ಯಾರೂ ಸತ್ತಿಲ್ಲರಿ, ಮಾಸ್ತರ. ಮಲ್ಲೇಶಿ ಅನ್ನಾಂವ ಇದ್ದಽ ಇಲ್ಲ.”

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಗಿರಣಿಯ ಮೇಲಿನ ಬಾವುಟವೂ ಬದಲಾಯಿತು. ಪುಸ್ತಕದ ಆ ಒಂದು ಸಾಲು ಮಾತ್ರ ಬದಲಾಗಲಿಲ್ಲ. ವಾಚನಾಲಯದಲ್ಲಿ ಹಳೆಯ ಪತ್ರಿಕೆಗಳನ್ನೂ ತೆಗೆಸಿ ನೋಡಿದೆ. ಗೋಲು ಹೊಡೆದವರ ಹೆಸರುಗಳೆಲ್ಲ ಇವೆ. ಬ್ಯಾಕ್ ಆಡಿದವನ ಸುದ್ದಿ ಒಂದು ಸಾಲೂ ಇಲ್ಲ. ಒಬ್ಬ ಮನುಷ್ಯ ಎಂಟು ವರ್ಷ ನಾಲ್ಕು ಊರುಗಳ ಮಾನ ಕಾಯ್ದು, ಎಲ್ಲಿಯೂ ಇರಲೇ ಇಲ್ಲ ಅನ್ನಿಸಿಕೊಳ್ಳುವುದೆಂದರೆ...

ನಿಜವಾದ ಅಂಬಾದಾಸನ ಮನೆ ಹುಡುಕಿಕೊಂಡು ಹೋದಾಗ ಅವನು ಬಾಗಿಲು ಅರ್ಧ ಮುಚ್ಚಿಕೊಂಡೇ ಮಾತಾಡಿದ. ಬರೆದುಕೊಟ್ಟರೆ ಮಗ್ಗ ಹೋಗುತ್ತದೆ, ನಾಲ್ಕು ಮಕ್ಕಳಿದ್ದಾರೆ ಎಂದ. ಆದರೆ ತಾನೇ ಬಂದು ಬಾಯಲ್ಲಿ ಹೇಳುತ್ತೇನೆ ಎಂದ. ಬಂದ ಕೂಡ, ಮೊನ್ನೆ. ನಿನ್ನಷ್ಟು ಎತ್ತರವೂ ಇಲ್ಲ, ಜೀವಮಾನದಲ್ಲಿ ಹಾಕಿ ಕೋಲು ಮುಟ್ಟಿದವನಲ್ಲ. ನಿಂಗವ್ವನ ಕಾಲು ಮುಟ್ಟಿ, ಕಟ್ಟೆಯ ಮಂದಿಯ ಎದುರಿಗೇ ಎಲ್ಲ ಹೇಳಿದ. ಊರು ನಂಬಿತು, ಮಲ್ಲೇಶಿ. ನಾನು ಗೆದ್ದೆ ಅಂದುಕೊಂಡೆ.

ಆಗ ಅವನು, ಮುದುಕಿಗೆ ಸಮಾಧಾನವಾಗಲೆಂದು, ಇನ್ನೊಂದು ಮಾತು ಸೇರಿಸಿದ. “ಅಂವ ಛಲೋ ಇದ್ದ ಯವ್ವಾ. ಶನಿವಾರ ಗಾಡಿ ಹತ್ತೂಮುಂದ ಎಲ್ಲಾರ ಕೂಡ ಮಾತಾಡಿ ಹ್ವಾದ.”

ನಿಂಗವ್ವ ಬೆರಳು ಮಡಚಿ ಎಣಿಸಿದಳು. ಶನಿವಾರ, ರವಿವಾರ, ಸೋಮವಾರ. ಇಷ್ಟು ದಿನವೂ ನೀನು ಸೊಲ್ಲಾಪುರದಲ್ಲೇ ಸತ್ತೆ ಎಂದು ತಿಳಿದಿದ್ದವಳು ಅವಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮೂರು ದಿನಾ ಜೀವಂತ ಇದ್ನೇನೋ, ನಿನ್ನ ಕಡೆ?”

ನೀನೇ ಬೇಡ ಅಂದಿದ್ದೆ ಎನ್ನಲೇ? ಕೊಟ್ಟ ಮಾತು ಎನ್ನಲೇ? ನಾನು ಹೂಂ ಎಂದೆ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತಿಗೂ ನನಗೆ ತೆರೆದಿಲ್ಲ.

ಒಂದು ಸುದ್ದಿ ನಿನಗೆ ತಿಳಿಯದು. ಮರಳಿ ಬರುವಾಗ ಪಕ್ಕದ ಮನೆಯವಳು ನನ್ನನ್ನು ತಡೆದು ಹೇಳಿದಳು. ನೀನು ದವಾಖಾನೆಯಲ್ಲಿದ್ದ ಆ ರವಿವಾರ ನಿಂಗವ್ವ ಆಡಿನ ಮರಿ ಮಾರಲು ಟಿಕೋಟಾಕ್ಕೆ ಬಂದಿದ್ದಳಂತೆ. ವಿಜಾಪುರಕ್ಕೆ ಹೊರಟ ಮೋಟಾರಿನವನು, ಜಾಗ ಐತಿ, ಬರ್ತೀಯೇನಬೇ ಎಂದು ಕೇಳಿದನಂತೆ. ಅಲ್ಲಿ ನನಗ ಯಾರದಾರಪಾ ಎಂದು, ಆಕೆ ನಡೆದುಕೊಂಡೇ ಊರಿಗೆ ಹೋದಳಂತೆ.