ಕೊನೆಯ ಸುತ್ತಿನ ಗಂಟೆ

೨೨-೧-೧೯೫೪, ಶುಕ್ರವಾರ. ಮಡಿಕೇರಿ.

ಮೈಸೂರಿನ ಪಂದ್ಯಕ್ಕೆ ಹೋಗುವ ಕಾಲೇಜು ತಂಡದಲ್ಲಿ ನನ್ನ ಹೆಸರಿಲ್ಲ. ನೋಟೀಸು ನೋಡಿಬಂದ ಕೋಣೆಯ ಜೊತೆಗಾರ ವೆಂಕಟಕೃಷ್ಣ ತಿಳಿಸಿದ. "ಒಂದು ಸುತ್ತು ಬಾಕಿ ಇತ್ತಲ್ಲ ಮಾರಾಯ, ಬಸ್ಸು ಬಂತೂಂತ ನಿಂತದ್ದಾ?" ಎಂದು ನಗಿಸಲು ನೋಡಿದ.

ನಿನ್ನೆಯ ಮೂರು ಮೈಲಿ, ಹನ್ನೆರಡು ಸುತ್ತಿನ ಆಯ್ಕೆ ಓಟದಲ್ಲಿ ನಾನೇ ಮುಂದಿದ್ದೆ. ಗಂಟೆ ಹೊಡೆಯಿತು, ನಿಂತೆ. ಕುಶಾಲನಗರದ ಹೈಸ್ಕೂಲಿನಲ್ಲಿ ಓಡಿದ್ದೆಲ್ಲ ರಸ್ತೆಯಲ್ಲಿ. ಮೊದಲು ಗೇಟು ಮುಟ್ಟಿದವನಿಗೆ ಸಣ್ಣಸ್ವಾಮಿ ಮೇಷ್ಟ್ರು ಶಾಲೆಯ ಗಂಟೆ ಹೊಡೆಯುತ್ತಿದ್ದರು. ಮೂರು ವರ್ಷವೂ ನನಗೇ ಹೊಡೆದರು. ಇಲ್ಲಿ ಗಂಟೆಯಾದ ಮೇಲೆ ಇನ್ನೊಂದು ಸುತ್ತು ಓಡಬೇಕೆಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ.

ಮೇಷ್ಟ್ರ ಕಾರ್ಡು ಎದುರಿಗಿದೆ: "ಗೆದ್ದ ದಿನವೇ ಬರಿ." ಉತ್ತರಕ್ಕೆ ಕೂತೆ, "ಪೂಜ್ಯ ಗುರುಗಳಿಗೆ" ಎಂಬುದರಾಚೆ ಹೋಗಲಿಲ್ಲ.

ತಂಡದ ಬಸ್ಸು ನಾಳೆ ಬೆಳಿಗ್ಗೆ ಆರಕ್ಕೆ, ವೆಂಕಟಕೃಷ್ಣನೂ ಹೋಗುತ್ತಾನೆ. ಆರೂವರೆಗೆ ಮೈದಾನದಲ್ಲಿ ನನ್ನ ಅಭ್ಯಾಸ, ಹನ್ನೆರಡು ಸುತ್ತು.