ಪೈರಿಗೆ ದಾರಿ ಬಿಟ್ಟವರ ದಾರಿ ಮುಚ್ಚಿದವರಿಗೆ

ಸಾರ್ವಜನಿಕ ದಾರಿಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ಮನೆಗಳ ಹಿಂದಿನಿಂದ ಹೊರಟು, ಹೊಲ ಹಾಯ್ದು, ಅದರಾಚೆಯ ಸಣ್ಣ ಕಾಡಿಗೆ ಹೋಗುವ ಕಾಲುದಾರಿಯನ್ನು ‘ಬಳಕೆಯಲ್ಲಿಲ್ಲ’ ಎಂಬ ಕಾರಣ ಕೊಟ್ಟು ನೀವು ಮುಚ್ಚಿಸಿದ್ದೀರಿ. ಅದು ಬಳಕೆಯಲ್ಲಿತ್ತು. ನಿಮ್ಮ ಆದೇಶ ತಪ್ಪು. ಮುಖ್ಯವಾದ ಮಾತನ್ನು ಮೊದಲೇ ಹೇಳಿ ಮುಗಿಸುತ್ತಿದ್ದೇನೆ, ಏಕೆಂದರೆ ವಿಚಾರಣೆಯ ದಿನ ನನ್ನ ಎರಡನೆಯ ವಾಕ್ಯ ಕೇಳುವಷ್ಟು ಪುರುಸೊತ್ತು ನಿಮಗಿರಲಿಲ್ಲ. ಆಮೇಲೆ ಕೊಟ್ಟ ಅರ್ಜಿಗೆ ‘ಪ್ರಕರಣ ಮುಕ್ತಾಯಗೊಂಡಿದೆ’ ಎಂಬ ಉತ್ತರ ಬಂತು. ಯಾರ ಪಾಲಿಗೆ ಮುಕ್ತಾಯ ಎಂದು ಅದರಲ್ಲಿ ಬರೆದಿರಲಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನೀವು ಆ ಕಾಡಿಗೆ ಬಂದಿಲ್ಲ. ಹಾಗಾಗಿ ಅದು ಹೇಗಿದೆ ಎಂದು ತಿಳಿಸುವುದು ನನ್ನ ಕರ್ತವ್ಯ. ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಜಲಪಾತವಿಲ್ಲ, ಗೋಪುರವಿಲ್ಲ, ಫೋಟೋ ತೆಗೆಸಿಕೊಳ್ಳಲು ಮೀಸಲಿಟ್ಟ ಜಾಗವಿಲ್ಲ. ಮರಗಳಿವೆ, ಮರಗಳ ನಡುವೆ ಹರಿದು ಹೋಗುವ ಎರಡು ಮೂರು ಕಾಲುಹಾದಿಗಳಿವೆ, ಬುಡಸಮೇತ ಉರುಳಿಬಿದ್ದ ಒಂದು ಹಳೆಯ ಮರವಿದೆ. ಕೂತು ಕೂತು ಜನ ಅದನ್ನು ಬೆಂಚಿಗಿಂತ ನುಣುಪು ಮಾಡಿದ್ದಾರೆ. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಊರಿನ ಸದ್ದು ಹಿಂದೆ ಬಿದ್ದು ತರಗೆಲೆಯ ಮೇಲೆ ನಮ್ಮದೇ ಹೆಜ್ಜೆ ಕೇಳತೊಡಗುತ್ತದೆ. ಇನ್ನೂ ಸ್ವಲ್ಪ ಒಳಗೆ ಹೋದರೆ ಯಾವುದೋ ಹಕ್ಕಿ ಎಲೆ ಕೆದಕುವುದು ಕೇಳುತ್ತದೆ. ಅಷ್ಟೇ. ಒಂದು ಪೀರಿಯಡ್ ನೆಟ್ಟಗೆ ಕೂರಲಾಗದೆ ಶಾಲೆ ಬಿಟ್ಟವಳು ನಾನು. ಆ ಮರದ ಮೇಲೆ ಮಾತ್ರ ಯಾರೂ ಹೇಳದೆಯೇ ಕೂರುತ್ತೇನೆ.

ಕಾಡಿಗೆ ಹೋಗುವ ದಾರಿ ಹೊಲದ ನಟ್ಟನಡುವೆ, ಮೂಲೆಯಿಂದ ಮೂಲೆಗೆ ಹಾಯುತ್ತದೆ. ನಿಮ್ಮ ನಕ್ಷೆಯಲ್ಲೂ ಹಾಗೇ ಇದೆ. ಆ ಹೊಲ ಮೊದಲು ಒಬ್ಬ ಅಜ್ಜಿಯದಾಗಿತ್ತು; ಬೀದಿಯವರೆಲ್ಲ ಅವರನ್ನು ಹೊಲದಜ್ಜಿ ಎಂದೇ ಕರೆಯುತ್ತಿದ್ದೆವು. ಬಿತ್ತನೆ ಮುಗಿದ ದಿನ ಅಜ್ಜಿ ದಾರಿಯ ಬಾಯಲ್ಲಿ ಒಂದು ಕೋಲು ನೆಟ್ಟು, ಅದರ ತುದಿಗೆ ಹಳೆಯ ಬಟ್ಟೆ ಕಟ್ಟುತ್ತಿದ್ದರು. ಕೋಲು ಕಂಡರೆ ಜನ ನಡುದಾರಿ ಬಿಟ್ಟು, ಹೊಲದ ಅಂಚಿನ ಬದುವಿನ ಮೇಲೆ ಸುತ್ತಿಕೊಂಡು ಹೋಗಬೇಕು. ಕೊಯ್ಲಾದ ಮೇಲೆ ಅಜ್ಜಿಯೇ ಕೋಲು ಕಿತ್ತು, ಕೂಳೆಯ ಮೇಲೆ ತಾವೇ ಮೊದಲು ನಡೆದು ಹೋಗುತ್ತಿದ್ದರು. ಅವರ ಹಿಂದೆ ನಾವೆಲ್ಲ. ಕೆಲವೇ ದಿನಗಳಲ್ಲಿ ಹಳೆಯ ಗೆರೆ ಮತ್ತೆ ಮೂಡಿರುತ್ತಿತ್ತು. ಯಾರಾದರೂ ಹೊಸಬರು ತಿಳಿಯದೆ ಪೈರಿನೊಳಗೆ ಕಾಲಿಟ್ಟರೆ ಅಜ್ಜಿ ಅಷ್ಟು ದೂರದಿಂದಲೇ ಕೂಗುತ್ತಿದ್ದರು: “ಏನಪ್ಪಾ ದೊರೆ, ಮನೇಲಿ ಊಟದ ತಟ್ಟೆ ಮೇಲೂ ಹೀಗೇ ನಡೀತೀಯಾ?”

ಅಜ್ಜಿ ತೀರಿಕೊಂಡರು. ಹೊಲ ಮಾರಾಟವಾಯಿತು. ಕೋಲು ನೆಡುವವರು ಇಲ್ಲದಿದ್ದರೂ ನಮ್ಮ ಕಾಲಿನ ಅಭ್ಯಾಸ ಹೋಗಲಿಲ್ಲ. ಮೊಳಕೆ ಕಂಡ ಕೂಡಲೇ ಬದುವಿಗೆ ಸರಿದೆವು. ಹೊಸ ಮಾಲೀಕರು ದಾರಿ ರದ್ದು ಮಾಡಿಕೊಡಿ ಎಂದು ನಿಮ್ಮನ್ನು ಕೇಳಿದರು. ಪೈರು ಮೊಣಕಾಲೆತ್ತರ ಬಂದಿದ್ದ ಹೊತ್ತಿಗೆ ಸರಿಯಾಗಿ ನಿಮ್ಮ ಸರ್ವೆಯವರು ಬಂದರು. ನಕ್ಷೆ ಹಿಡಿದು ನೋಡಿದರೆ ಗೆರೆ ಇರಬೇಕಾದಲ್ಲಿ ಬರೀ ಹಸಿರು, ಒಂದು ಹೆಜ್ಜೆಯ ಗುರುತೂ ಇಲ್ಲ. ಫೋಟೋ ತೆಗೆದುಕೊಂಡು ಹೋದರು. ಅವರು ಸುಳ್ಳು ಬರೆದರೆಂದು ನಾನು ಹೇಳುವುದಿಲ್ಲ. ಕಂಡದ್ದನ್ನೇ ಬರೆದರು. ಹಾಗೆ ಕಾಣಲು ಕಾರಣವೇನೆಂದು, ಬದುವಿನ ಮೇಲೆ ಸಾಲಾಗಿ ನಿಂತು ಅವರನ್ನೇ ನೋಡುತ್ತಿದ್ದ ನಮ್ಮನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾವು ಯಾಕೆ ಬದುವಿನ ಮೇಲೆ ನಿಂತಿದ್ದೇವೆ ಎಂಬ ಪ್ರಶ್ನೆಯೂ ಅವರಿಗೆ ಬರಲಿಲ್ಲ.

ಆಮೇಲೆ ವಿಚಾರಣೆ. ಬೀದಿಯಲ್ಲಿ ಉಳಿದವರಿಗೆ ರಜೆ ಸಿಗದೆ ನನ್ನನ್ನು ಕಳಿಸಿದರು. ನಾನು ಕೆಲಸ ಮಾಡುವ ಸೈಕಲ್ ರಿಪೇರಿ ಅಂಗಡಿಯ ಮಾವ “ಹೋಗಿ ಬಾ, ಇಲ್ಲಿದ್ರೂ ನೀನೇನು ಒಂದು ಕಡೆ ನಿಲ್ತೀಯಾ” ಎಂದು ಬಿಟ್ಟುಕೊಟ್ಟರು. ನಿಮಗೆ ನೆನಪಿರಲಿಕ್ಕಿಲ್ಲ, ನನಗಿದೆ. ಕಿಟಕಿಗೆ ಬೆನ್ನು ಮಾಡಿ ಕೂತಿದ್ದಿರಿ. ಮೇಜಿನ ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಇಟ್ಟ ಒಂದು ಕಾಡಿನ ಚಿತ್ರವಿತ್ತು.

“ಎಷ್ಟು ಓದಿದೀಯಮ್ಮಾ?” ಎಂದಿರಿ.

“ಒಂಬತ್ತನೇ ಕ್ಲಾಸ್ ಅರ್ಧಕ್ಕೆ ಬಿಟ್ಟೆ ಸಾರ್.”

“ಯಾಕೆ, ಫೇಲಾ?”

“ಫೇಲಾಗೋ ತನಕ ಕಾಯ್ಲಿಲ್ಲ ಸಾರ್.”

ಕೋಣೆಯಲ್ಲಿದ್ದವರು ನಕ್ಕರು, ನೀವೂ ನಕ್ಕಿರಿ. ನಗಲಿ ಎಂದೇ ಹೇಳಿದ್ದೆ. ನಕ್ಕವರು ಮುಂದಿನ ಮಾತನ್ನೂ ಕೇಳುತ್ತಾರೆ ಎಂದುಕೊಂಡಿದ್ದೆ. ನೀವು ನಕ್ಷೆಯ ಮೇಲೆ ಪೆನ್ನಿನ ತುದಿ ಇಟ್ಟಿರಿ.

“ಇಲ್ಲಿ ನೋಡು. ಈ ಗೆರೆ. ನಮ್ಮ ಸರ್ವೆಯವರು ಬಂದ ತಿಂಗಳಲ್ಲಿ ಈ ಗೆರೆ ಮೇಲೆ ನಿಮ್ಮ ಬೀದಿಯವರು ಯಾರಾದ್ರೂ ನಡೆದಿದ್ರಾ? ಕತೆ ಬೇಡ, ಒಂದೇ ಮಾತಲ್ಲಿ ಹೇಳು.”

“ಇಲ್ಲ ಸಾರ್. ಆದ್ರೆ...”

“ಆಯ್ತು. ಕೂತ್ಕೊ.”

ಪಕ್ಕದಲ್ಲಿದ್ದ ಗುಮಾಸ್ತರು ಬರೆದುಕೊಂಡರು: ಬಳಕೆದಾರರೇ ಒಪ್ಪಿಕೊಂಡಿದ್ದಾರೆ.

ಆ ಸಂಜೆ ಅಕ್ಕ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ತರಾಟೆಗೆ ತೆಗೆದುಕೊಂಡಳು.

“ನಡೆದಿದ್ವಿ ಅಂದ್ಬಿಟ್ಟಿದ್ರೆ ನಿನ್ನ ನಾಲಿಗೆ ಏನು ಬಿದ್ದು ಹೋಗ್ತಿತ್ತಾ?”

“ನಡೆದಿರ್ಲಿಲ್ವಲ್ಲೇ.”

“ಅಯ್ಯೋ ನಮ್ಮಮ್ಮ. ಅವರಿಗೇನು ಕನಸು ಬಿದ್ದಿತ್ತಾ?”

“ಫೋಟೋ ಇತ್ತು ಅವರ ಹತ್ರ.”

“ಫೋಟೋ ಇಟ್ಕೊಂಡೂ ಕೇಳ್ತಾರೆ ಅಂದ್ರೆ ಸುಳ್ಳಾದ್ರೂ ಹೇಳು ಅಂತ ದಾರಿ ಬಿಟ್ಟಿದ್ರು ಕಣೇ. ಅಷ್ಟೂ ಗೊತ್ತಾಗಲ್ವಾ ನಿನಗೆ?”

ಅಕ್ಕನಿಗೆ ಲೋಕ ಗೊತ್ತು. ಅವಳ ಪ್ರಶ್ನೆಗೆ ಉತ್ತರವನ್ನು ನೀವು ಕೊಡಿ. ನಿಮ್ಮ ಕಚೇರಿಯಲ್ಲಿ ನಿಜ ಹೇಳಿದವರು ದಾರಿ ಕಳೆದುಕೊಂಡು, ಸುಳ್ಳು ಹೇಳಿದವರು ಉಳಿಸಿಕೊಳ್ಳುವುದೇ ಪದ್ಧತಿಯಾದರೆ, ಅದನ್ನು ಬಾಗಿಲಲ್ಲಿ ಒಂದು ಬೋರ್ಡಿನ ಮೇಲೆ ಬರೆಸಿ ಹಾಕಬಾರದೇ? ನನ್ನಂಥವರೂ ಓದಿಕೊಂಡು ಒಳಗೆ ಬರುತ್ತಿದ್ದೆವು. ಅರ್ಧ ಒಂಬತ್ತನೆಯ ತರಗತಿ ಅಷ್ಟಕ್ಕೆ ಸಾಕು.

ನಿಮ್ಮ ತರ್ಕವನ್ನು ನಾನು ರಿಪೇರಿಗೆ ಬಂದ ಚಕ್ರದ ಹಾಗೆ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಯಾವ ಕಡೆಯಿಂದ ನೋಡಿದರೂ ಸೊಟ್ಟ. ಬಸ್ಸಿನಲ್ಲಿ ಒಬ್ಬ ಮುದುಕಿಗೆ ಎದ್ದು ಜಾಗ ಕೊಟ್ಟವನನ್ನು ‘ನಿನಗೆ ಸೀಟು ಬೇಡವೆಂದು ಸಾಬೀತಾಗಿದೆ, ಇಳಿ’ ಎಂದು ಕಂಡಕ್ಟರು ನಡುರಸ್ತೆಯಲ್ಲಿ ಇಳಿಸಿದರೆ ಹೇಗಿರುತ್ತದೆ? ನೀವು ಮಾಡಿದ್ದು ಅದನ್ನೇ. ನಾವು ಪೈರು ತುಳಿದುಕೊಂಡೇ ಹೋಗಿದ್ದರೆ ಹೊಲದ ನಡುವೆ ಅಗಲವಾದ ಬೋಳು ಪಟ್ಟೆ ಮೂಡಿರುತ್ತಿತ್ತು, ನಿಮ್ಮ ಫೋಟೋದಲ್ಲಿ ಚೆಂದವಾಗಿ ಬಂದಿರುತ್ತಿತ್ತು, ದಾರಿ ಊರ್ಜಿತವಾಗುತ್ತಿತ್ತು. ಬೆಳೆ ಹಾಳು ಮಾಡುವುದು ಬಳಕೆಯ ಸಾಕ್ಷಿ, ಬೆಳೆ ಉಳಿಸುವುದು ಬಳಕೆ ಬಿಟ್ಟದ್ದಕ್ಕೆ ಸಾಕ್ಷಿ. ಇದನ್ನು ಯೋಚಿಸಲು ಎಷ್ಟು ಓದಿರಬೇಕು ಸಾರ್? ನಾನು ಓದು ಬಿಟ್ಟದ್ದಕ್ಕೆ ಮೊದಲ ಸಲ ಸಮಾಧಾನವಾಯಿತು.

ಈಗ ಅಪ್ಪನ ವಿಷಯ. ಬರೆಯಲೇ ಎಂದು ಅವರನ್ನೇ ಕೇಳಿದೆ. “ಬರಿ. ಓದಿದವರು ಅಯ್ಯೋ ಪಾಪ ಅನ್ನೋ ಹಾಗೆ ಬರೀಬೇಡ” ಎಂದರು. ಪ್ರಯತ್ನಿಸುತ್ತೇನೆ.

ಅಪ್ಪ ಲಾರಿ ಓಡಿಸುತ್ತಿದ್ದರು. ಹೆದ್ದಾರಿಯ ಪಕ್ಕ ಗಾಡಿ ನಿಲ್ಲಿಸಿ ಚಕ್ರ ಬದಲಿಸುತ್ತಿದ್ದಾಗ ಹಿಂದಿನಿಂದ ಬಂದ ಇನ್ನೊಂದು ಲಾರಿ ಅವರನ್ನು ಸವರಿಕೊಂಡು ಹೋಯಿತು. ಮೂಳೆಗಳು ಕೂಡಿಕೊಂಡವು. ಆದರೆ ದೊಡ್ಡ ಗಾಡಿಯ ಸದ್ದು ಹತ್ತಿರ ಬಂತೆಂದರೆ ಈಗಲೂ ಇದ್ದಲ್ಲೇ ಕುಕ್ಕರಿಸಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳುತ್ತಾರೆ. ನಮ್ಮ ಮನೆಯ ಮುಂಬಾಗಿಲು ರಸ್ತೆಗೆ ತೆರೆಯುತ್ತದೆ, ಹಿಂಬಾಗಿಲು ಆ ಕಾಲುದಾರಿಗೆ. ಯಾರ ಕೈಯನ್ನೂ ಹಿಡಿಯದೆ, ಯಾರಿಗೂ ಹೇಳದೆ ಅಪ್ಪ ಹೋಗಿಬರಬಹುದಾಗಿದ್ದ ಒಂದೇ ಜಾಗ ಆ ಕಾಡು. ಹೋಗುವಾಗ ಮೌನವಾಗಿ ಹೋಗಿ, ಬರುವಾಗ ಮಾತು ತರುತ್ತಿದ್ದರು. ಮರಕುಟಿಗ ಹಳೆಯ ಮನೆ ಖಾಲಿ ಮಾಡಿದೆ, ಅಳಿಲಿಗೆ ಬಾಡಿಗೆಗೆ ಕೊಟ್ಟಿರಬೇಕು ಎಂಬಂಥ ಮಾತುಗಳು. ಈಗ ಬೆಳಿಗ್ಗೆ ಎದ್ದು, ಶೂ ಹಾಕಿ, ಲೇಸು ಬಿಗಿದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾರೆ. ನಿಮ್ಮ ಆದೇಶ ಬಂದ ಮೇಲೆ ಹೊಲದ ಮಾಲೀಕರು ದಾರಿಗೆ ಅಡ್ಡ ಹಾಕಿಸಿದ ತಂತಿಬೇಲಿ ಅಲ್ಲಿಂದಲೇ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಲೇಸು ಬಿಚ್ಚುತ್ತಾರೆ. ಮರಕುಟಿಗದ ಸುದ್ದಿ ಬಂದು ಬಹಳ ದಿನವಾಯಿತು.

ನಿಮ್ಮ ಆದೇಶದ ಕೊನೆಯಲ್ಲಿ ಒಂದು ಕರುಣೆಯ ಸಾಲಿದೆ: ‘ಹೆದ್ದಾರಿ ಬದಿಯ ಮುಖ್ಯದ್ವಾರದ ಮೂಲಕ ಸಾರ್ವಜನಿಕರು ಸದರಿ ಅರಣ್ಯವನ್ನು ಸಂದರ್ಶಿಸಬಹುದಾಗಿದೆ.’ ವಾಹನ ನಿಲುಗಡೆ ಇದೆ, ‘ನಿಶ್ಶಬ್ದ ವಲಯ’ ಎಂಬ ಫಲಕವೂ ಇದೆ. ಹೆದ್ದಾರಿಯ ದಂಡೆಯಲ್ಲಿ ನಿಶ್ಶಬ್ದದ ಫಲಕ ನೆಟ್ಟವರ ಹಾಸ್ಯಪ್ರಜ್ಞೆಗೆ ನನ್ನ ನಮಸ್ಕಾರ. ಆದರೂ ಪರೀಕ್ಷಿಸದೆ ದೂರಬಾರದೆಂದು ಒಂದು ಬೆಳಿಗ್ಗೆ ಅಪ್ಪನನ್ನು ಆ ಕಡೆಯಿಂದ ಕರೆದುಕೊಂಡು ಹೊರಟೆ. ಪೆಟ್ರೋಲ್ ಬಂಕ್ ದಾಟುವವರೆಗೂ ನನ್ನ ಭುಜ ಹಿಡಿದು ಬಂದರು. ಅಲ್ಲಿ ಒಂದು ಟ್ಯಾಂಕರ್ ಬಂತು. ಅಪ್ಪ ರಸ್ತೆಯ ಅಂಚಿನಲ್ಲೇ ಕೂತುಬಿಟ್ಟರು. ಹಿಂದಿನ ಗಾಡಿಗಳು ಹಾರನ್ ಹೊಡೆದವು. ಬೈಕಿನವನೊಬ್ಬ ನಿಲ್ಲಿಸಿ, “ಬೆಳಬೆಳಿಗ್ಗೇನೇ ಹಾಕ್ಬಿಟ್ಟಿದಾರಾ?” ಎಂದು ಕೇಳಿದ. ನಾನೂ ಅಪ್ಪನ ಪಕ್ಕ ಕೂತೆ.

“ಅಪ್ಪಾ, ಹೋಯ್ತು ಅದು. ಏಳು.”

“ಇನ್ನೊಂದು ಬರುತ್ತೆ” ಎಂದರು, ತಲೆಯ ಮೇಲಿನ ಕೈ ತೆಗೆಯದೆ.

ಬಂತು. ಅದರ ಹಿಂದೆ ಮತ್ತೊಂದು. ಹೆದ್ದಾರಿಯ ಬಗ್ಗೆ ನನ್ನ ಅಪ್ಪನಿಗೆ ತಿಳಿದಷ್ಟು ನಿಮ್ಮ ಆದೇಶಕ್ಕೆ ತಿಳಿದಿಲ್ಲ. ಮನೆಗೆ ಮರಳಿ ಬರಲು ನಮಗೆ ಇಡೀ ಬೆಳಿಗ್ಗೆ ಹಿಡಿಯಿತು. ಅಂದಿನಿಂದ ಅವರು ಮುಂಬಾಗಿಲ ಕಡೆಗೆ ಬರುತ್ತಲೂ ಇಲ್ಲ.

ನನ್ನ ವಾದಕ್ಕೆ ತೊಡಕಾಗುವ ಮಾತುಗಳನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬದು ನಿಮ್ಮ ನಕ್ಷೆಯಲ್ಲಿ ಇಲ್ಲ, ಆದ್ದರಿಂದ ಪೈರಿದ್ದ ತಿಂಗಳುಗಳಲ್ಲಿ ನಾವು ನಡೆದದ್ದು ಬೇರೆಯವರ ಜಾಗದಲ್ಲೇ. ಕಾಡಿನಲ್ಲಿ ಆಗಾಗ ಖಾಲಿ ಬಾಟಲಿ ಬಿಸಾಡಿ ಹೋಗುವವರು ಈ ದಾರಿಯಿಂದಲೂ ಬಂದಿರಬಹುದು. ಹೊಲದ ಹೊಸ ಮಾಲೀಕರು ಕೆಟ್ಟವರಲ್ಲ, ಹೋಗಿ ಮಾತಾಡಿದೆ. ಅಜ್ಜಿಯ ಕೋಲಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, “ನನ್ನ ಕೈಯಲ್ಲಿ ಆದೇಶ ಇದೆಯಲ್ಲಮ್ಮಾ, ನಾನಾಗಿ ಬೇಲಿ ತೆಗೆದ್ರೆ ನನ್ನ ಮಾತೇ ಸುಳ್ಳಾಗುತ್ತೆ. ಅವರು ತೆಗಿ ಅಂದ್ರೆ ನಾಳೇನೇ ತೆಗೀತೀನಿ” ಎಂದರು. ಅಂದರೆ ಈ ಬೇಲಿ ನಿಂತಿರುವುದು ನಿಮ್ಮ ಒಂದು ಸಹಿಯ ಮೇಲೆ, ಆ ಸಹಿ ನಿಂತಿರುವುದು ನೀವು ಅರ್ಧಕ್ಕೆ ತುಂಡರಿಸಿದ ನನ್ನ ಒಂದು ಉತ್ತರದ ಮೇಲೆ.

ನನ್ನ ಬೇಡಿಕೆ ಚಿಕ್ಕದು. ಆದೇಶ ಹಿಂತೆಗೆದುಕೊಳ್ಳಿ. ಬಿತ್ತನೆಯ ಕಾಲಕ್ಕೆ ಬದು, ಕೊಯ್ಲಾದ ಮೇಲೆ ನಡುದಾರಿ ಎಂದು ನಕ್ಷೆಯಲ್ಲಿ ಎರಡೂ ಗೆರೆ ಎಳೆಸಿ. ಕೊಯ್ಲು ಈ ವಾರ ಮುಗಿದಿದೆ, ಹೊಲದಲ್ಲಿ ಈಗ ಕೂಳೆ ಮಾತ್ರ ಇದೆ. ಭಾನುವಾರದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಹಿಂಬಾಗಿಲಿನ ಎದುರಿಗಿರುವ ತಂತಿಯನ್ನು ನಾನು ಕತ್ತರಿಸುತ್ತೇನೆ. ದನ ನುಗ್ಗದಂತೆ ಅಲ್ಲಿ ಕೊಕ್ಕೆ ಹಾಕಿದ ಒಂದು ಸಣ್ಣ ಗೇಟನ್ನೂ ನಾನೇ ಕೂರಿಸುತ್ತೇನೆ. ಕಟರ್ ಬೇಕೆಂದು ಅಂಗಡಿಯ ಮಾವನನ್ನು ಕೇಳಿದಾಗ “ಯಾರ ಗಾಡಿಗೆ?” ಎಂದರು. ಗಾಡಿಗಲ್ಲ, ಬೇಲಿಗೆ ಎಂದೆ. “ಗಾಡಿಗೆ ಅಂತ ಒಂದು ಮಾತು ಅನ್ನೋಕೆ ನಿನಗೇನು ರೋಗ? ಈಗ ನಾನು ಕೊಡೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ” ಎಂದು ಬೈದು, ಕಟರನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೊರಟುಹೋದರು. ಅವರು ಕೊಟ್ಟಿಲ್ಲ, ನಾನು ತೆಗೆದುಕೊಂಡಿದ್ದೇನೆ. ದಂಡ, ಕೇಸು ಏನಿದ್ದರೂ ನನ್ನ ಮೇಲೆ ಹಾಕಿ.

ಮುಂದಿನ ಬಿತ್ತನೆಯಾದ ದಿನ ನಾವು ಮತ್ತೆ ಬದುವಿಗೆ ಸರಿಯುತ್ತೇವೆ. ಅದನ್ನೂ ನಮ್ಮ ವಿರುದ್ಧ ಬರೆದುಕೊಳ್ಳಿ, ಫೋಟೋ ತೆಗೆಸಿಕೊಳ್ಳಿ. ನಿಮ್ಮ ಕಡತ ತೃಪ್ತಿಯಾಗಲಿ ಎಂದು ಬಿತ್ತಿದ ನೆಲದ ಮೇಲೆ ಕಾಲಿಡುವವರು ಈ ಬೀದಿಯಲ್ಲಿ ಯಾರೂ ಇಲ್ಲ.

ಭಾನುವಾರ ಬಂದು ನಮ್ಮನ್ನು ತಡೆಯುವುದಾದರೆ ಖಂಡಿತ ಬನ್ನಿ. ಅಪ್ಪ ಮುಂದೆ ನಡೆಯುತ್ತಿರುತ್ತಾರೆ, ನಾನು ಸ್ವಲ್ಪ ಹಿಂದೆ ಇರುತ್ತೇನೆ. ಏನು ಕೇಳುವುದಿದ್ದರೂ ನನ್ನನ್ನು ಕೇಳಿ. ಒಂದೇ ಒಂದು ವಿನಂತಿ. ಜೀಪನ್ನು ದೂರದಲ್ಲೇ ನಿಲ್ಲಿಸಿ, ಹೊಲದೊಳಗೆ ನಡೆದುಕೊಂಡು ಬನ್ನಿ. ಅದರ ಸದ್ದು ಕೇಳಿದರೆ ಅಪ್ಪ ಅಲ್ಲೇ ಕೂತುಬಿಡುತ್ತಾರೆ. ಆಮೇಲೆ ಅವರನ್ನು ಎಬ್ಬಿಸುವ ಆದೇಶ ನಿಮ್ಮ ಕಚೇರಿಯಲ್ಲಿ ಯಾರಿಗೂ ಬರೆಯಲು ಬರುವುದಿಲ್ಲ.

ಇಂತಿ,
ಕೇಳಿದ್ದಕ್ಕೆ ಒಂದೇ ಮಾತಲ್ಲಿ ನಿಜ ಹೇಳಿ ಬೀದಿಗೆಲ್ಲ ಕೆಟ್ಟವಳಾದ,
ಸೈಕಲ್ ಅಂಗಡಿಯ ಹುಡುಗಿ