ಎಮ್ಮೆಗೆ ಕೊಂಬಿಲ್ಲ

ಗುರುವಾರ, ಸಂಜೆ

ತುಂತುರುವಿನ ಅಪ್ಪನಿಗೆ,

ಈಗ ಆರೂವರೆ. ಬೆಳಿಗ್ಗೆ ಎರಡು ಲಂಗಕ್ಕೆ ಪಟ್ಟಿ ಹಾಕಿದೆ, ಮಧ್ಯಾಹ್ನ ಶಾಲೆಗೆ ಹೋದೆ, ನಾಲ್ಕಕ್ಕೆ ಮನೆಗೆ ಬರಬೇಕಾದವಳು ಐದೂವರೆಗೆ ಬಂದೆ. ಒಲೆಯ ಮೇಲೆ ಹಾಲಿಟ್ಟು ಮರೆತೆ, ಉಕ್ಕಿತು, ಒರೆಸಿ ಕೂತಿದ್ದೇನೆ. ದಿನಾ ನನ್ನಷ್ಟಕ್ಕೆ ನಾನು ಬರೆದುಕೊಳ್ಳುವ ನಾಲ್ಕು ಸಾಲನ್ನು ಇವತ್ತು ನಿಮಗೇ ಬರೆಯುತ್ತಿದ್ದೇನೆ. ಕೆಳಮನೆಯ ಕಂಡಕ್ಟರಣ್ಣ ರಾತ್ರಿ ಪಾಳಿಗೆ ಹೋಗುವಾಗ ನಿಮ್ಮ ಅಂಗಡಿಯಲ್ಲಿ ಕೊಟ್ಟು ಹೋಗುತ್ತೇನೆ ಅಂದಿದ್ದಾರೆ. ತೋಳು ಹರಿದ ನಿಮ್ಮ ಷರ್ಟನ್ನೂ ಹೊಲಿದಿದ್ದೇನೆ, ಕಾಗದ ಅದರ ಜೇಬಿನಲ್ಲಿರುತ್ತದೆ. ಬಣ್ಣದ ಕಲೆ ಹೋಗಲಿಲ್ಲ. ಸೊಂಟದ ಹತ್ತಿರ ಬಿದ್ದಿರುವ ಮಡಿಕೆ ನೋಡಿದರೆ ನೀವು ಸಣ್ಣಗಾಗಿದ್ದೀರಿ ಅನಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂತ ಬರೆದರೆ ಮಾಡುವವರಲ್ಲ ನೀವು. ಆದರೂ ಬರೆದಿದ್ದೇನೆ.

ನನ್ನ ಕಾಗದ ನೋಡಿ ನಿಮ್ಮ ಎದೆ ಧಸಕ್ಕೆನ್ನಬಹುದು. ಯಾರಿಗೂ ಏನೂ ಆಗಿಲ್ಲ. ಆಗುವುದೆಲ್ಲ ಆಗಿಹೋಗಿದೆ. ನನಗೊಂದು ಸಹಾಯ ಬೇಕಾಗಿದೆ, ಅಷ್ಟೇ. ಅದಕ್ಕೆ ಮೊದಲು, ನಿಮಗೆ ಹೇಳದೆ ಮಾಡಿದ ಕೆಲಸವೊಂದನ್ನು ಹೇಳಬೇಕು.

ಗೋದಾಮಿನ ಹಿಂದಿನ ಸಣ್ಣ ಶಾಲೆಗೆ ನಾನು ಯೂನಿಫಾರಂ ಹೊಲಿದುಕೊಡುವುದು ನಿಮಗೆ ಗೊತ್ತು. ಮಳೆಗಾಲ ಮುಗಿದ ಮೇಲೆ ಒಂದು ದಿನ ಬಟ್ಟೆಯ ಗಂಟು ಹೊತ್ತುಕೊಂಡು ಹೋದಾಗ, ಗಂಟನ್ನು ಕೊನೆಯ ಕೋಣೆಯಲ್ಲಿಡಿ ಅಂದರು. ಅಲ್ಲಿ ಗಾಜಿನ ಬಾಗಿಲಿನ ಒಂದು ಬೀರು, ಒಳಗೆ ಕಥೆ ಪುಸ್ತಕಗಳು, ಬಾಗಿಲಿಗೆ ಬೀಗ. ಮಕ್ಕಳು ಮುಟ್ಟಿದರೆ ಕೊಳೆಯಾಗುತ್ತದೆಯಂತೆ. ಗಾಜಿನ ಮೇಲೆ ಮಾತ್ರ ಎಷ್ಟೊಂದು ಸಣ್ಣ ಸಣ್ಣ ಮೂಗಿನ ಗುರುತು. ಹೊರಗೆ ನಿಂತು ಮೂಗು ಒತ್ತಿ ಒತ್ತಿ ನೋಡಿದ್ದಾರೆ. ಆ ರಾತ್ರಿ ನಮ್ಮ ಮನೆಯ ಕಪಾಟು ನೋಡಿದೆ. ಅಲ್ಲಿ ಮೂಗು ಒತ್ತುವವರೂ ಇಲ್ಲ.

ಮಗಳ ಪುಸ್ತಕಗಳನ್ನು ಆ ಶಾಲೆಗೆ ಕೊಟ್ಟುಬಿಟ್ಟೆ. ನಿಮ್ಮನ್ನು ಕೇಳಬೇಕಿತ್ತು. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ, ಆಮೇಲೆ ನನಗೆ ಕೊಡಲು ಆಗುತ್ತಿರಲಿಲ್ಲ.

ಶಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಟೀಚರ್ ಅನ್ನುತ್ತಾರೆ. ಅವರು ಪುಸ್ತಕ ತೆಗೆದುಕೊಂಡು, ತಂದವರೇ ಒಂದು ದಿನ ಓದಿ ಹೇಳಿಬಿಡಿ ಅಂದರು. ಏಳನೇ ಕ್ಲಾಸಿನವಳು ನಾನು, ಏನು ಓದಲಿ ಅಂತ ಹಿಂದೆ ಸರಿದೆ. ಈ ಮಕ್ಕಳು ಎರಡನೇ ಕ್ಲಾಸಿನವರೇ, ನೀವು ಐದು ಕ್ಲಾಸು ಮುಂದಿದ್ದೀರಿ ಅಂತ ನಕ್ಕರು. ಒಂದು ದಿನ ಅಂತ ಹೋದದ್ದು ದಿನದ ಕೊನೆಯ ಪೀರಿಯಡ್ಡೇ ನನ್ನದಾಯಿತು. ಬೀರುವಿನ ಬೀಗವೂ ತೆಗೆಯಿತು. ಮಕ್ಕಳು ನನ್ನನ್ನು ಹೊಲಿಗೆ ಮಿಸ್ ಅನ್ನುತ್ತಾರೆ.

ಮೊದಮೊದಲು ನಾನು ಓದುತ್ತಿದ್ದೆ, ಅವರು ಜಗಳವಾಡುತ್ತಿದ್ದರು. ಪುಸ್ತಕ ಕೈಗೆ ಕೊಟ್ಟರೆ ಚಿತ್ರ ನೋಡಿ ಮಗುಚಿ ಹಾಕುತ್ತಿದ್ದರು. ಅಕ್ಷರ ಅಂದರೆ ಅವರಿಗೆ ಬೈಸಿಕೊಳ್ಳುವ ಜಾಗ. ಒಂದು ಮಧ್ಯಾಹ್ನ ನನಗೇ ತಿಳಿಯದೆ ಬಾಯಿಗೆ ಬಂದುಬಿಟ್ಟಿತು, ಕುದುರೆಗೆ ಎಷ್ಟು ಕೊಂಬು ಹೇಳಿ ಅಂದೆ.

ಇಲ್ಲಿ ಓದುವುದು ನಿಲ್ಲಿಸಿರುತ್ತೀರಿ, ಗೊತ್ತು. ನೀವು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ನೀವೇ ಬರೆದ ಬೋರ್ಡುಗಳನ್ನು ಓದಿಸುತ್ತಾ ಬೀದಿ ಸುತ್ತುತ್ತಿದ್ದಿರಿ. ಕ ಕೊಂಬು ಕು, ದ ಕೊಂಬು ದು ಅಂತ ನೀವು ಹೇಳಿಕೊಟ್ಟರೆ, ಹಾಗಾದರೆ ಕುದುರೆಗೆ ಎರಡು ಕೊಂಬು, ಎಮ್ಮೆಗೆ ಒಂದೂ ಇಲ್ಲ ಅಂತ ಕಂಡುಹಿಡಿದವಳು ಅವಳು. ಎಮ್ಮೆಯ ಮ ಅಕ್ಷರಕ್ಕೆ ಪಕ್ಕದಲ್ಲಿ ಇದೆಯಲ್ಲ ಅಂತ ನಾನು ಕೇಳಿದ್ದಕ್ಕೆ, ಅದು ಬಾಲ ಅಮ್ಮ, ಕೊಂಬಲ್ಲ ಅಂತ ಅಪ್ಪ ಮಗಳು ಒಟ್ಟಿಗೇ ನನ್ನನ್ನು ದಡ್ಡಿ ಮಾಡಿದ್ದಿರಿ. ಆವತ್ತಿನಿಂದ ಕಂಡಕಂಡದ್ದಕ್ಕೆಲ್ಲ ಕೊಂಬು ಎಣಿಸಿದ್ದೇ ಎಣಿಸಿದ್ದು. ನೀವು ಅವಳಿಗೆ ಇಟ್ಟ ಅಡ್ಡಹೆಸರಿಗೆ ಮೂರು ಕೊಂಬು ಅಂತ ಗೊತ್ತಾದ ದಿನ ಅವಳನ್ನು ಹಿಡಿಯುವವರಿರಲಿಲ್ಲ. ಏನೇ ನಿನ್ನ ಗರ್ವ, ನಿನಗೇನು ಎರಡು ಕೊಂಬಾ ಅಂತ ನಾನು ಗದರಿದರೆ, ಎರಡಲ್ಲ ಮೂರು ಅಂತಿದ್ದಳು.

ಈ ಮಕ್ಕಳಿಗೂ ಅದೇ ಹುಚ್ಚು ಹಿಡಿಯಿತು. ಕೊಂಬು ಹುಡುಕುವುದಕ್ಕೆ ಪುಸ್ತಕ ತೆಗೆಯುತ್ತಾರೆ. ಕುದುರೆ ಸಿಕ್ಕಿತು, ಎರಡು ಅಂತ ಕೂಗುತ್ತಾರೆ. ಕೂಗಿದ ಮೇಲೆ ಸುಮ್ಮನಿರಲಾಗದೆ, ಆ ಕುದುರೆ ಎಲ್ಲಿಗೆ ಹೋಯಿತು ಅಂತ ಮುಂದಿನ ಸಾಲಿಗೆ ಬೆರಳಿಡುತ್ತಾರೆ. ಅಲ್ಲಿಗೆ ಬಂತು ನೋಡಿ ಓದು. ಕಸ ಗುಡಿಸುವ ಅಜ್ಜಿಯ ಹತ್ತಿರ ಓಡಿಹೋಗಿ, ಅಜ್ಜಿ ಅಂದರೆ ಕೊಂಬಿಲ್ಲ, ಮುದುಕಿ ಅಂದರೆ ಎರಡು, ಯಾವುದು ಬೇಕು ಅಂತ ಕೇಳಿ ಪೊರಕೆ ಏಟು ತಪ್ಪಿಸಿಕೊಂಡು ಬಂದರು. ಗುಡುಗು ಸಿಕ್ಕ ದಿನವಂತೂ ಮೂರು ಮೂರು ಅಂತ ಬೆಂಚು ಹತ್ತಿದರು. ಮತ್ತೊಂದು ದಿನ ಅವಳ ಪುಸ್ತಕದ ಮೊದಲ ಹಾಳೆಯಲ್ಲಿ ನೀವು ಕೆಂಪು ಬಣ್ಣದಲ್ಲಿ ಬರೆದ ಹೆಸರು ಸಿಕ್ಕಿತು. ಮಿಸ್, ತುಂತುರು ಅನ್ನುವುದು ಯಾವ ಪ್ರಾಣಿ, ಇದಕ್ಕೂ ಮೂರಿದೆ ಅಂತ ಕೇಳಿದರು. ಅದು ಪ್ರಾಣಿ ಅಲ್ಲ ಅಂದೆ. ಬೆಲ್ಲು ಹೊಡೆಯಿತು, ಬದುಕಿಕೊಂಡೆ. ಆ ಶಾಲೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಅವಳು ಓದುತ್ತಿದ್ದುದು ಸೇತುವೆಯಾಚೆಯ ದೊಡ್ಡ ಶಾಲೆಯಲ್ಲಲ್ಲವೆ. ಇಲ್ಲಿ ನಾನು ಬರಿ ಹೊಲಿಗೆ ಮಿಸ್. ಅದೇ ನನಗೆ ಹಾಯೆನಿಸಿತ್ತು.

ಈಗ ತೊಂದರೆ ಏನಾಗಿದೆ ಅಂದರೆ, ಹೋದ ವಾರ ಪರೀಕ್ಷೆ ಇತ್ತು. ಕೊಂಬಿರುವ ಒಂದು ಪ್ರಾಣಿಯ ಹೆಸರು ಬರೆಯಿರಿ, ಕೊಂಬಿಲ್ಲದ ಒಂದು ಪ್ರಾಣಿಯ ಹೆಸರು ಬರೆಯಿರಿ ಅಂತ ಕೇಳಿದ್ದಾರೆ. ಅರ್ಧ ಕ್ಲಾಸು ಕೊಂಬಿರುವುದು ಕುದುರೆ, ಇಲ್ಲದ್ದು ಎಮ್ಮೆ ಅಂತ ಬರೆದಿದೆ.

ನಗಬೇಡಿ. ನನಗೂ ಮೊದಲು ನಗು ಬಂತು, ಆಮೇಲೆ ಹಾಳೆಗಳ ಮೇಲಿನ ಹೆಸರು ನೋಡಿದೆ.

ಹಾಗೆ ಬರೆದವರಲ್ಲಿ ಒಬ್ಬಳು ಹಾಲಿನವನ ಮಗಳು. ಕಣ್ಣು ಮಿಟುಕಿಸುತ್ತಲೇ ಇರುವುದರಿಂದ ಅವಳನ್ನು ಪಿಳಿಪಿಳಿ ಅನ್ನುತ್ತಾರೆ. ಶಾಲೆಗೆ ಸೇರಿದಾಗಿನಿಂದ ಕ್ಲಾಸಿನಲ್ಲಿ ತುಟಿ ಬಿಚ್ಚಿದವಳಲ್ಲ. ನನ್ನ ಪಕ್ಕದಲ್ಲಿ ಕೂತು, ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಸಣ್ಣ ದನಿಯಲ್ಲಿ ಓದಲು ಶುರುಮಾಡಿ ಒಂದು ತಿಂಗಳಾಗಿತ್ತು. ಮಂಗಳವಾರ ಅವಳಪ್ಪ, ಯಾರೋ ಓದಿ ಹೇಳಿದ ಉತ್ತರದ ಹಾಳೆ ಹಿಡಿದುಕೊಂಡು, ಹಾಲಿನ ಕ್ಯಾನು ಬಾಗಿಲಲ್ಲೇ ಇಟ್ಟು ಕ್ಲಾಸಿನೊಳಗೆ ಬಂದ. ಜೋರು ಮಾಡಲಿಲ್ಲ, ಅವಮಾನವಾದವರ ಹಾಗೆ ಮೆಲ್ಲಗೆ ಮಾತಾಡಿದ.

"ನಮ್ಮನೇಲಿ ನಾಕು ಎಮ್ಮೆ ಇದಾವೆ ಟೀಚರಮ್ಮ. ದಿನಾ ಇವಳು ಟವೆಲ್ ಒಣಗಾಕೋದೇ ಎಮ್ಮೆ ಕೊಂಬಿನ ಮೇಲೆ. ನನ್ನ ಮಗಳೇ ಹಿಂಗೆ ಬರೆದ್ರೆ ನಾನು ಹಾಲು ಹಾಕೋ ಮನೆಯವರು ಏನಂತಾರೆ? ಕತ್ತೆ ಹಾಲು ತರ್ತೀಯೇನೋ ಅಂತಾರೆ."

ಎಲ್ಲರೂ ನಕ್ಕರು. ಆಗ ಪಿಳಿಪಿಳಿ ಎದ್ದು ನಿಂತಳು. ಕ್ಲಾಸಿನ ಮುಂದೆ ಅವಳು ಆಡಿದ ಮೊದಲ ಮಾತು ಅದೇ.

"ಅಪ್ಪಾ, ಕೊಟ್ಟಿಗೇಲಿರೋದಕ್ಕೆ ಇದೆ. ಪುಸ್ತಕದಲ್ಲಿರೋದಕ್ಕೆ ಇಲ್ಲ."

ಹಾಲಿನವನು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕ್ಲಾಸಿನ ಟೀಚರು, ಇನ್ನೂ ಹೊಸಬರು, ಸಣ್ಣ ಟೀಚರ್ ಅನ್ನುತ್ತಾರೆ, ಅವರಿಗೆ ಸಿಟ್ಟು ಬಂತು. ಅವರನ್ನು ಬೈಯಲಾರೆ. ನಲವತ್ತು ಮಕ್ಕಳ ಅಂಕಕ್ಕೆ ಉತ್ತರ ಕೊಡಬೇಕಾದವರು ಅವರು. ಅದಲ್ಲದೆ ಹಿಂದಿನ ವಾರ ತಾನೇ ಯಾವುದೋ ಮಗು ಅವರೆದುರು ಹೋಗಿ, ಗುರುವಿಗೂ ಎರಡು ಕೊಂಬು ಅಂತ ಹೇಳಿ ಬಂದಿತ್ತು. ತರಬೇತಿ ಇಲ್ಲದವರನ್ನು ಕ್ಲಾಸಿಗೆ ಬಿಟ್ಟರೆ ಹೀಗೇ ಆಗುವುದು ಅಂದರು. ಪಿಳಿಪಿಳಿಯನ್ನು ಎಲ್ಲರ ಮುಂದೆ ನಿಲ್ಲಿಸಿ, ಎಮ್ಮೆಗೆ ಕೊಂಬಿದೆ ಅಂತ ಹತ್ತು ಸಲ ಹೇಳಿಸಿದರು. ಅವಳು ಬಾಯಿ ಅಲ್ಲಾಡಿಸಿದಳು, ದನಿ ಬರಲಿಲ್ಲ. ಆವತ್ತಿನಿಂದ ಮಕ್ಕಳು ಅವಳನ್ನೇ ಎಮ್ಮೆ ಅಂತ ಕರೆಯುತ್ತಿದ್ದಾರೆ.

ಇವತ್ತು ಅವಳು ನನ್ನ ಪಕ್ಕದಲ್ಲಿ ಕೂರಲಿಲ್ಲ. ಪುಸ್ತಕ ಕೊಟ್ಟೆ. ಮುಚ್ಚಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬೆಲ್ಲಾಗುವವರೆಗೆ ಗೋಡೆ ನೋಡಿದಳು. ಬೀಗ ಹಾಕಿದ ಬೀರು ನೋಡಿದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ.

ನಾಳೆ ತಂದೆತಾಯಿಯರ ಸಭೆ. ಕೊನೆಯ ಪೀರಿಯಡ್ಡು ಕಥೆಗೆ ಇರಬೇಕೋ, ಲೆಕ್ಕಕ್ಕೆ ಹೋಗಬೇಕೋ ಅಂತ ಅಲ್ಲಿ ತೀರ್ಮಾನ. ಲೆಕ್ಕಕ್ಕೆ ಹೋದರೆ ಬೀರುವಿಗೆ ಮತ್ತೆ ಬೀಗ ಬೀಳುತ್ತದೆ. ಆಗ ಪಿಳಿಪಿಳಿ ತಿಳಿದುಕೊಳ್ಳುವುದು ಒಂದೇ, ನಾನು ಬಾಯಿ ಬಿಟ್ಟದ್ದಕ್ಕೆ ಬಾಗಿಲು ಮುಚ್ಚಿತು ಅಂತ. ಅವಳು ಇನ್ನು ಪುಸ್ತಕ ಮುಟ್ಟುವುದಿಲ್ಲ. ಇದೊಂದೇ ನನ್ನ ತಲೆ ತಿನ್ನುತ್ತಿದೆ.

ಇವತ್ತು ಶಾಲೆ ಬಿಟ್ಟ ಮೇಲೆ ದೊಡ್ಡ ಟೀಚರ್ ನನ್ನನ್ನು ಕೂರಿಸಿಕೊಂಡರು. ಅದಕ್ಕೇ ತಡವಾದದ್ದು. ಒಳ್ಳೆಯವರು, ಆದರೆ ಎರಡು ಕಡೆಯಿಂದಲೂ ಎಳೆಸಿಕೊಳ್ಳುತ್ತಿದ್ದಾರೆ. ಈ ಆಟವನ್ನು ಎಲ್ಲಿಂದ ತಂದಿರಿ, ಸಭೆಯಲ್ಲಿ ಕೇಳಿದರೆ ಹೇಳಲು ಒಂದು ಆಧಾರ ಬೇಕು ಅಂದರು. ಒಂದು ಪುಸ್ತಕದಲ್ಲಿತ್ತು ಅಂದುಬಿಟ್ಟೆ. ಹಾಗಾದರೆ ಆ ಪುಸ್ತಕ ತನ್ನಿ ಅಂದರು. ಎಲ್ಲಿಂದ ತರಲಿ?

ಅದಕ್ಕೇ ಈ ಕಾಗದ. ಪುಸ್ತಕವಿಲ್ಲದಿದ್ದರೂ ಕಣ್ಣಿಗೆ ಕಾಣುವುದೇನಾದರೂ ಹಿಡಿದು ನಿಲ್ಲಬೇಕು. ನನಗೆ ಸಭೆಯಲ್ಲಿ ಮಾತು ಬರುವುದಿಲ್ಲ. ಮಿಷನ್ನಿನ ಮುಂದೆ ಕೂತು ಹೇಳಿ ನೋಡಿದೆ, ಎರಡನೇ ಮಾತಿಗೇ ಹೊಲಿಗೆ ಸೊಟ್ಟಗಾಯಿತು. ನೀವು ಒಂದು ದೊಡ್ಡ ಹಾಳೆಯ ಮೇಲೆ ಕುದುರೆ, ಎಮ್ಮೆ ಅಂತ ಎರಡೇ ಪದ ಬರೆದುಕೊಡಿ. ಅಕ್ಷರ ಕಪ್ಪು, ಕೊಂಬು ಕೆಂಪು. ಹಿಂದಿನ ಬೆಂಚಿನಲ್ಲಿ ಕೂತವರಿಗೂ, ಓದಲು ಬಾರದವರಿಗೂ ಕಾಣುವ ಹಾಗೆ. ಹಾಲಿನವನಿಗೆ ಓದು ಬರುವುದಿಲ್ಲ. ಆ ಕೆಂಪು ಕಂಡರೆ, ಮಗಳು ಬರೆದದ್ದು ದಡ್ಡತನವಲ್ಲ ಅಂತ ಅವನಿಗೆ ಗೊತ್ತಾಗುತ್ತದೆ. ಅವನಿಗೆ ಗೊತ್ತಾದರೆ ಅವಳಿಗೂ ಗೊತ್ತಾಗುತ್ತದೆ. ಕಂಡಕ್ಟರಣ್ಣ ಬೆಳಿಗ್ಗೆ ವಾಪಸು ಬರುವಾಗ ಅವರ ಕೈಗೆ ಕೊಟ್ಟರೆ ಸಾಕು.

ನೀವು ಬರಬೇಕಾಗಿಲ್ಲ. ಬನ್ನಿ ಅಂತ ಕರೆಯುವುದಕ್ಕೆ ಬರೆದದ್ದಲ್ಲ ಇದು. ಅವಳು ಹೋಗಿ ವರ್ಷ ತುಂಬಿಲ್ಲ. ಜ್ವರ ಇಳಿಯಿತು ಅಂತ ನೀವು ಬಣ್ಣ ತರಲು ಹೋದಿರಿ, ನಾನು ಗಂಜಿಗೆ ಇಟ್ಟೆ, ಅಷ್ಟರೊಳಗೆ ಎಲ್ಲ ಮುಗಿದಿತ್ತು. ಅವಳು ಗೀಚಿದ ಗೋಡೆ ನೋಡಲು ನಿಮಗೆ ಆಗಲಿಲ್ಲ, ಅಂಗಡಿಯ ಹಿಂದಿನ ಕೋಣೆಗೆ ಹೋದಿರಿ. ಗೋಡೆ ಬಿಟ್ಟಿರಲು ನನಗೆ ಆಗಲಿಲ್ಲ, ಇಲ್ಲೇ ಉಳಿದೆ. ಇದರಲ್ಲಿ ಯಾರದೂ ತಪ್ಪಿಲ್ಲ. ಈಚೆಗೆ ಬೋರ್ಡು ಬರೆಯುವುದು ಬಿಟ್ಟು ಬರಿ ಬಾಗಿಲು ಕಿಟಕಿಗೆ ಬಣ್ಣ ಹೊಡೆಯುತ್ತಿದ್ದೀರಿ ಅಂತ ಕಂಡಕ್ಟರಣ್ಣ ಹೇಳಿದರು. ಅಕ್ಷರ ಬರೆಯಲು ಕೈ ಏಳುವುದಿಲ್ಲ ಅಂದಿರಂತೆ. ಅದು ಗೊತ್ತಿದ್ದೂ ಕೇಳುತ್ತಿದ್ದೇನೆ. ಎರಡೇ ಪದ.

ಬಾಗಿಲಲ್ಲಿ ಕಂಡಕ್ಟರಣ್ಣ ಕೆಮ್ಮುತ್ತಿದ್ದಾರೆ. ಷರ್ಟಿನ ಮೇಲಿನ ಗುಂಡಿ ಸಡಿಲವಿತ್ತು, ಬಿಗಿ ಮಾಡಿದ್ದೇನೆ.

ಇಂತಿ,
ತುಂತುರುವಿನ ಅಮ್ಮ

ಮತ್ತೆ: ಕಂಡಕ್ಟರಣ್ಣನನ್ನು ಸ್ವಲ್ಪ ಕೂರಿಸಿದ್ದೇನೆ. ಪುಸ್ತಕದಲ್ಲಿತ್ತು ಅಂತ ಹೇಳಿದೆ ಎಂದು ಮೇಲೆ ಬರೆದೆನಲ್ಲ, ನಾನು ಹಾಗೆ ಹೇಳಲಿಲ್ಲ. ದೊಡ್ಡ ಟೀಚರ್ ಕೇಳಿದ್ದಕ್ಕೆ, ಇದು ನನ್ನ ಮಗಳು ಮಾಡಿದ ಆಟ ಅಂದೆ. ನಿಮಗೆ ಮಗಳಿದ್ದಾಳಾ, ಎಷ್ಟನೇ ಕ್ಲಾಸು ಅಂದರು. ಎರಡು ಅಂದೆ. ಅವರ ಮುಖ ಅರಳಿತು. ಮಗುವೇ ಎದ್ದು ಹೇಳಿದರೆ ಯಾರೂ ಎದುರಾಡುವುದಿಲ್ಲ, ನಾಳೆ ಅವಳನ್ನೂ ಕರೆದುಕೊಂಡು ಬನ್ನಿ ಅಂದರು. ನಾನು ಹೂಂ ಅಂದು ಬಂದಿದ್ದೇನೆ. ಸಭೆ ಬೆಳಿಗ್ಗೆ ಹತ್ತು ಗಂಟೆಗೆ.